ಸಜ್ಜಾದ ಮೇಲೆ ಜೋಗದ ಬಂಡೆ

ಬೆಂಗಳೂರಿನ ಚಾಮರಾಜಪೇಟೆಯ ಯಾವ ಅಡ್ಡರಸ್ತೆಯಾದರೂ ಸರಿ, ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ನಿಂತು ತಲೆ ಎತ್ತಿ ನೋಡಿ. ಅಂಗಡಿ ಬೋರ್ಡು, ಜೋತುಬಿದ್ದ ಕೇಬಲ್ಲು, ಒಣಹಾಕಿದ ಬಟ್ಟೆ ಎಲ್ಲವನ್ನೂ ದಾಟಿ ಎರಡನೇ ಮಹಡಿಯ ಸಜ್ಜಾದ ಅಂಚಿಗೆ ಕಣ್ಣು ಹೋಗಲಿ. ಕಂಡಿತಾ? ಸಾಲು ಸಾಲಾಗಿ ನೆಟ್ಟ ಉಕ್ಕಿನ ಮುಳ್ಳು, ಬಿಸಿಲಿಗೆ ಫಳಫಳ ಹೊಳೆಯುತ್ತಿದೆ! ಪ್ಯಾರಾಪೆಟ್ ಗೋಡೆಯ ನೆತ್ತಿಯ ಮೇಲೆ, ಕಿಟಕಿ ಗ್ರಿಲ್ಲಿನ ಮೇಲೆ, ಬ್ಯಾಂಕಿನ ಬೋರ್ಡಿನ ಮೇಲೆ, ನೀರಿನ ಪೈಪು ತಿರುಗುವ ಮೂಲೆಯಲ್ಲಿ. ಒಮ್ಮೆ ಕಣ್ಣಿಗೆ ಬಿದ್ದರೆ ಮುಗಿಯಿತು, ಆಮೇಲೆ ಇಡೀ ಬಡಾವಣೆಯ ತಲೆಯ ಮೇಲೆ ಅದೇ ಕಾಣುತ್ತದೆ. ಪಾರಿವಾಳ ಬರದಿರಲಿ ಎಂದು ಹಾಕಿಸಿದ ಬರ್ಡ್ ಸ್ಪೈಕ್.

ನೋಡಿದವರೆಲ್ಲ ಇದು ಹಕ್ಕಿಗೆ ಚುಚ್ಚುವ ಮುಳ್ಳು ಎಂದು ಮುಖ ಕಿವುಚುತ್ತಾರೆ. ಇಲ್ಲ, ಇದು ಚುಚ್ಚುವುದೇ ಇಲ್ಲ! ಒಂದು ಪಟ್ಟಿ ಈಗ ನನ್ನ ಮೇಜಿನ ಮೇಲಿದೆ. ಅಡಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಪಟ್ಟಿ; ಬಿಸಿಲಿಗೆ ಪುಡಿಯಾಗದ ಪಾಲಿಕಾರ್ಬೊನೇಟ್ ಅದು. ಅದರಿಂದ ಗೇಣಿಗಿಂತ ತುಸು ಗಿಡ್ಡವಾದ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಗಳು ಎದ್ದಿವೆ. ಒಂದು ಎಡಕ್ಕೆ ಬಾಗಿದೆ, ಒಂದು ಬಲಕ್ಕೆ, ನಡುವಿನದು ನೆಟ್ಟಗೆ ಆಕಾಶ ನೋಡುತ್ತಿದೆ. ಅಂಗೈಯಿಟ್ಟು ಮೆಲ್ಲಗೆ ಒತ್ತಿದೆ. ತುದಿ ಮೊಂಡು. ಕಡ್ಡಿ ಬಳುಕಿ, ಕೈ ತೆಗೆದ ಕೂಡಲೇ ತನ್ನ ಜಾಗಕ್ಕೆ ಮರಳಿತು. ತಳಪಟ್ಟಿಯಲ್ಲಿ ಸ್ಕ್ರೂ ಹೊಡೆಯಲು ತೂತುಗಳಿವೆ, ಸಿಲಿಕೋನ್ ಗೋಂದು ಹಿಡಿದು ನಿಲ್ಲಲು ಗೀರುಗಳಿವೆ, ಬೇಕಾದ ಅಳತೆಗೆ ಮುರಿದುಕೊಳ್ಳಲು ಗೆರೆಗಳಿವೆ. ಇಷ್ಟೇ.

ಇಷ್ಟಕ್ಕೇ ಹಕ್ಕಿ ಹೇಗೆ ಹಿಂದಿರುಗುತ್ತದೆ? ಪಾರಿವಾಳ ಇಳಿಯುವುದನ್ನು ಹತ್ತಿರದಿಂದ ನೋಡಿದರೆ ಗುಟ್ಟು ಬಯಲಾಗುತ್ತದೆ. ಮುನ್ನೂರು ಗ್ರಾಂ ದಾಟಿದ ಮೈ ಗಾಳಿಯಲ್ಲಿ ಜೋರಾಗಿ ಬರುತ್ತದೆ. ಸಜ್ಜಾ ಹತ್ತಿರವಾದ ಕೂಡಲೇ ಬಾಲ ಬೀಸಣಿಗೆಯಾಗಿ ಬಿಚ್ಚಿಕೊಳ್ಳುತ್ತದೆ, ಮೈ ನೆಟ್ಟಗಾಗುತ್ತದೆ, ರೆಕ್ಕೆ ಎದುರುಗಾಳಿಗೆ ಬಡಿಯುತ್ತದೆ, ಕೆಂಪು ಕಾಲುಗಳು ಮುಂದಕ್ಕೆ ಚಾಚುತ್ತವೆ. ಆ ಅರೆಕ್ಷಣದಲ್ಲಿ ಅದಕ್ಕೆ ಬೇಕಾದದ್ದು ಎರಡೇ: ಪಾದಕ್ಕೆ ಸಪಾಟು ನೆಲ, ಎದೆಗೂ ರೆಕ್ಕೆಗೂ ಖಾಲಿ ಜಾಗ. ಮುಳ್ಳಿನ ಸಾಲು ಕಸಿದುಕೊಳ್ಳುವುದು ಇದನ್ನೇ. ಕಾಲು ನೆಲ ಮುಟ್ಟುವ ಮೊದಲೇ ಕಡ್ಡಿಗಳು ಹೊಟ್ಟೆಗೆ ತಾಗುತ್ತವೆ; ಹಕ್ಕಿ ರಪರಪನೆ ರೆಕ್ಕೆ ಬಡಿದು, ಅರ್ಧ ಸುತ್ತು ಹೊಡೆದು ಎದುರುಮನೆಗೆ ಹಾರುತ್ತದೆ. ಗಾಯವಿಲ್ಲ, ರಕ್ತವಿಲ್ಲ. ಅದರ ಪಾಲಿಗೆ ಅಲ್ಲಿದ್ದ ಸಜ್ಜಾ ಇಲ್ಲವಾಯಿತು, ಅಷ್ಟೇ!

ಆದರೆ ಈ ಹಕ್ಕಿಗೆ ನಮ್ಮ ಸಜ್ಜಾವೇ ಏಕೆ ಬೇಕು? ರಸ್ತೆಯ ಎರಡೂ ಬದಿ ಮರಗಳಿವೆ. ಕಾಗೆಗೆ ಮರ ಸಾಕು, ಗಿಳಿಗೆ ಪೊಟರೆ ಸಾಕು. ಪಾರಿವಾಳ ಮಾತ್ರ ಮರದ ಕಡೆ ಕಣ್ಣೆತ್ತುವುದೇ ಅಪರೂಪ. ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಚಾಮರಾಜಪೇಟೆಯಿಂದ ನೇರ ಸಾಗರ ತಾಲ್ಲೂಕಿಗೆ ಹೋಗಿ ನಿಲ್ಲುತ್ತೇವೆ. 253 ಮೀಟರ್ ಆಳಕ್ಕೆ ಶರಾವತಿ ಧುಮುಕುವ ಜೋಗದ ಆ ಕಡಿದಾದ ಬಂಡೆಗೋಡೆ ಇದೆಯಲ್ಲ, ಅದೇ ಇದರ ಅಸಲಿ ಮನೆ! 19ನೇ ಶತಮಾನದ ಪಕ್ಷಿತಜ್ಞ ಟಿ.ಸಿ. ಜೆರ್ಡನ್, 1862ರಿಂದ 1864ರ ನಡುವೆ ಪ್ರಕಟವಾದ ತನ್ನ ‘ಬರ್ಡ್ಸ್ ಆಫ್ ಇಂಡಿಯಾ’ದಲ್ಲಿ ಗೇರುಸೊಪ್ಪೆಯ ಜಲಪಾತದ, ಅಂದರೆ ಇದೇ ಜೋಗದ, ಬಂಡೆಗಳಲ್ಲಿ ಬೀಡುಬಿಟ್ಟ ಸಾವಿರಾರು ಪಾರಿವಾಳಗಳ ಮಾತು ಬರೆದಿದ್ದಾನೆ. ಕೊಲಂಬಾ ಲಿವಿಯಾ ಎಂಬ ಈ ಹಕ್ಕಿ ಹುಟ್ಟಿನಿಂದಲೇ ಬಂಡೆಯದು. ಬಂಡೆಯ ಚಾಚು, ಕೊರಕಲು, ಕೆಳಗೆ ಪ್ರಪಾತ, ಮೇಲೆ ನೆರಳು: ಹಾವೂ ಬೆಕ್ಕೂ ಹತ್ತಲಾರದ ಆ ಅಂಗೈಯಗಲ ಜಾಗವೇ ಅದರ ತೊಟ್ಟಿಲು.

ಈಗ ಮತ್ತೆ ನಮ್ಮ ಬೀದಿಗೆ ಬನ್ನಿ, ಅದರ ಕಣ್ಣಿನಿಂದ ನೋಡಿ. ಐದು ಮಹಡಿಯ ಅಪಾರ್ಟ್‌ಮೆಂಟು ಒಂದು ಬಂಡೆಗೋಡೆ. ಪ್ರತಿ ಕಿಟಕಿಯ ಸಜ್ಜಾ ಒಂದು ಚಾಚು. ಎಸಿ ಪೆಟ್ಟಿಗೆಗೂ ಗೋಡೆಗೂ ನಡುವಿನ ಸಂದು ಒಂದು ಕೊರಕಲು. ಬಾತ್‌ರೂಮುಗಳ ಪೈಪು ಇಳಿಯುವ ಡಕ್ಟ್ ಅಂತೂ ಕತ್ತಲೆ ತುಂಬಿದ ಸೊಗಸಾದ ಕಣಿವೆ! ಲಾಲ್‌ಬಾಗಿನಲ್ಲಿ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯಿದೆ, ಬ್ಯೂಗಲ್ ರಾಕ್ ನಮ್ಮ ಪಕ್ಕದಲ್ಲೇ ಇದೆ. ಆದರೆ ಅವು ಮಳೆ ಬಿಸಿಲಿಗೆ ಸವೆದು ದುಂಡಗಾದ ಬೋಳುಬಂಡೆಗಳು. ಒಂದು ಗೂಡಿಡಲು ಅಲ್ಲಿ ಚಾಚು ಎಲ್ಲಿದೆ? ಬೆಂಗಳೂರಿಗೆ ಪಾರಿವಾಳದ ಬಂಡೆಯನ್ನು ಭೂಮಿ ಕೊಡಲಿಲ್ಲ. ಸಿಮೆಂಟು, ಜಲ್ಲಿ, ಕಂಬಿ ತಂದು ನಾವೇ ಕಟ್ಟಿಕೊಟ್ಟೆವು!

ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ, ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ. ಪ್ಲೇಗು ಬಂದು ಬಸವನಗುಡಿ, ಮಲ್ಲೇಶ್ವರಗಳು ಎದ್ದದ್ದು ಆಮೇಲೆ. ಕೋಟೆಯ ಮಗ್ಗುಲಲ್ಲಿ ಅಳತೆ ಹಿಡಿದು ಹಾಕಿದ ಐದು ಮುಖ್ಯರಸ್ತೆಗಳ ಉದ್ದಕ್ಕೂ ಬಂದ ಹಳೆಯ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಇನ್ನೂ ಉಳಿದಿವೆ. ಮಂಗಳೂರು ಹೆಂಚಿನ ಸೂರು, ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಟೊಪ್ಪಿಗೆಯಂಥ ಮಂಕಿ ಟಾಪ್. ಆ ಟೊಪ್ಪಿಗೆಯ ಇಳಿಜಾರನ್ನು ಗಮನವಿಟ್ಟು ನೋಡಿ. ಅಲ್ಲಿ ಕಡ್ಡಿ ಇಟ್ಟರೆ ಜಾರಿ ಬೀಳುತ್ತದೆ. ಮೊಟ್ಟೆಯ ಮಾತೇ ಬೇಡ. ಹಕ್ಕಿಯ ಕಾಟಕ್ಕೆಂದು ಯಾರೂ ಅದನ್ನು ಕಟ್ಟಿದ್ದಲ್ಲ, ಬಿಸಿಲು ಮಳೆಗೆ ಕಟ್ಟಿದ್ದು. ಆದರೂ ಅದು ಮಾಡುತ್ತಿದ್ದ ಕೆಲಸ ನೋಡಿ! ಆ ಮನೆ ಕೆಡವಿ, ಅದೇ ಜಾಗದಲ್ಲಿ ಸಪಾಟು ಸಜ್ಜಾಗಳ ಕಟ್ಟಡ ಎದ್ದ ಮೇಲೆ ಅದರ ಮೇಲೆ ಮುಳ್ಳು ನೆಡಬೇಕಾಯಿತು.

ಪಾರಿವಾಳಕ್ಕೆ ಊಟದ ಚಿಂತೆಯೂ ಇಲ್ಲ. ಕೂಗಳತೆಯಲ್ಲಿ ನ್ಯೂ ತರಗುಪೇಟೆ, ಅದರಾಚೆ ಅಕ್ಕಿಪೇಟೆ, ಪಕ್ಕದಲ್ಲಿ ಸಿಟಿ ಮಾರ್ಕೆಟ್ಟು. ಮೂಟೆ ಇಳಿಸುವಾಗ ಚೆಲ್ಲಿದ ಕಾಳು ಸಾಲದೆಂಬಂತೆ, ಪುಣ್ಯಕ್ಕೆಂದು ಚೀಲಗಟ್ಟಲೆ ಜೋಳ ಸುರಿಯುವ ಧರ್ಮಾತ್ಮರೂ ಊರ ತುಂಬ ಇದ್ದಾರೆ. ಪಾರಿವಾಳಕ್ಕಾಗಿ ತೊಡೆಯ ಮಾಂಸ ಕೊಯ್ದುಕೊಟ್ಟ ಶಿಬಿ ಚಕ್ರವರ್ತಿಯ ಕಥೆ ಕೇಳಿ ಬೆಳೆದವರು ನಾವು. ಕೈ ತಾನಾಗಿ ಕಾಳಿನ ಕಡೆ ಹೋಗುತ್ತದೆ. ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿಯಲ್ಲಿ ಎಷ್ಟೋ ಹಕ್ಕಿಗಳ ಗೆರೆ ಕೆಳಗಿಳಿಯುತ್ತಿದ್ದರೆ, ಪಾರಿವಾಳದ ಗೆರೆ ಮೇಲೇರುತ್ತಿದೆ. ಬಂಡೆ ನಾವು ಕೊಟ್ಟೆವು, ಕಾಳು ನಾವು ಕೊಟ್ಟೆವು. ಏರದೆ ಇನ್ನೇನು ಮಾಡೀತು?

ಇನ್ನು ಆ ಸಜ್ಜಾದ ಮೇಲಿನ ಸಂಸಾರ! ಅಡುಗೆಮನೆ ಕಿಟಕಿಯಿಂದ ಅಲುಗಾಡದೆ ನೋಡಿದರೆ ಎಲ್ಲವೂ ಕಾಣುತ್ತದೆ. ಗಂಡು ಒಂದು ಸಲಕ್ಕೆ ಒಂದೇ ಕಡ್ಡಿ ತರುತ್ತದೆ. ತಂದು, ಕೂತ ಹೆಣ್ಣಿನ ಬೆನ್ನ ಮೇಲೇ ಇಳಿದು, ಕೊಕ್ಕಿಗೆ ದಾಟಿಸಿ, ಮತ್ತೊಂದಕ್ಕೆ ಹಾರುತ್ತದೆ. ಹೆಣ್ಣು ಅದನ್ನು ಮೈಸುತ್ತ ತುರುಕಿಕೊಳ್ಳುತ್ತದೆ. ಗೂಡು ಅಂದರೆ ನಾಲ್ಕು ಕಡ್ಡಿಯ ಹರಕು ತಟ್ಟೆ. ಎರಡು ಬಿಳಿ ಮೊಟ್ಟೆ. ಬೆಳಿಗ್ಗೆ ಹತ್ತರ ಸುಮಾರಿಗೆ ಗಂಡಿನ ಪಾಳಿ ಶುರು, ಇಳಿಮಧ್ಯಾಹ್ನದವರೆಗೆ. ಸಂಜೆಯಿಂದ ಮರುದಿನ ಬೆಳಗಿನವರೆಗೆ ಹೆಣ್ಣಿನದು. ಹದಿನೇಳು ಹದಿನೆಂಟು ದಿನಕ್ಕೆ ಮರಿ. ಬೇರೆ ಹಲವು ಹಕ್ಕಿಗಳು ಮರಿಯ ಹಿಕ್ಕೆಯನ್ನು ಕೊಕ್ಕಿನಲ್ಲಿ ಎತ್ತಿ ದೂರ ಎಸೆದು ಬರುತ್ತವೆ. ಪಾರಿವಾಳ ಎಸೆಯುವುದಿಲ್ಲ. ಆ ಹಿಕ್ಕೆಯೇ ಕಡ್ಡಿಗಳ ನಡುವೆ ಇಳಿದು, ಒಣಗಿ, ಸಗಣಿ ಸಾರಿಸಿದ ಮೊರದ ಹಾಗೆ ಗೂಡು ಬಿಗಿಯಾಗುತ್ತದೆ. ಮುಂದಿನ ಸಲ ಅದರ ಮೇಲೆಯೇ ಇನ್ನೊಂದು ಪದರ. ನಾವು ಹೊಲಸು ಅಂದದ್ದು ಅದಕ್ಕೆ ಗಾರೆ!

ಮರಿಗೆ ಮೊದಲ ದಿನಗಳಲ್ಲಿ ಕಾಳಿಲ್ಲ. ಹಾಲು! ಹೌದು, ಹಾಲೇ. ಅಪ್ಪ, ಅಮ್ಮ ಇಬ್ಬರ ಗಂಟಲಚೀಲದ ಒಳಪದರವೂ ದಪ್ಪಗಾಗಿ, ಕಳಚಿ, ಕೊಬ್ಬು ಮತ್ತು ಪ್ರೋಟೀನು ತುಂಬಿದ ಮೊಸರಿನಂಥ ಉಂಡೆಯಾಗುತ್ತದೆ. ಮರಿ ಅವರ ಬಾಯೊಳಗೆ ಕೊಕ್ಕು ತೂರಿಸಿ ಅದನ್ನು ಕುಡಿಯುತ್ತದೆ. ಇದನ್ನು ಹೊರಡಿಸುವ ಹಾರ್ಮೋನು ಯಾವುದು ಗೊತ್ತೇ? ಪ್ರೊಲ್ಯಾಕ್ಟಿನ್. ಬಾಣಂತಿಯ ಎದೆಯಲ್ಲಿ ಹಾಲು ತರುವುದೂ ಇದೇ. 1930ರ ದಶಕದ ಆರಂಭದಲ್ಲಿ ಅಮೆರಿಕದ ಆಸ್ಕರ್ ರಿಡಲ್ ಮತ್ತು ಸಂಗಡಿಗರು ಈ ಹಾರ್ಮೋನಿಗೆ ಹೆಸರಿಟ್ಟು ಗುರುತಿಸಿದ್ದು ಪಾರಿವಾಳದ ಗಂಟಲಚೀಲ ಉಬ್ಬುವುದನ್ನು ಅಳೆದೇ. ಚಾಮರಾಜಪೇಟೆಯ ಮೂಲೆಯಾಚೆ ನಿಂತಿರುವ ವಾಣಿವಿಲಾಸ ಆಸ್ಪತ್ರೆಯ ಬಾಣಂತಿಯರೂ, ಅದರ ಕಿಟಕಿಯಾಚೆ ಗುಟುರು ಹಾಕುವ ಪಾರಿವಾಳವೂ ಒಂದೇ ರಸದಿಂದ ಮಕ್ಕಳನ್ನು ಸಾಕುತ್ತಾರೆ. ಪಾರಿವಾಳದ ಮರಿಯನ್ನು ಬೀದಿಯಲ್ಲಿ ಯಾರೂ ಕಾಣದಿರುವುದಕ್ಕೂ ಕಾರಣ ಇಲ್ಲಿದೆ: ತಿಂಗಳಿನಷ್ಟು ಕಾಲ ಅದು ಗೂಡು ಬಿಡುವುದೇ ಇಲ್ಲ. ಬಿಟ್ಟಾಗ ಹೆಚ್ಚುಕಡಿಮೆ ಅಪ್ಪನಷ್ಟೇ ದೊಡ್ಡದು.

ಇಲ್ಲೊಮ್ಮೆ ದಾರಿ ಬಿಟ್ಟು ಹೋಗದೆ ಇರಲಾರೆ. ತಂತಿಯ ಮೇಲೆ ಕೂತ ಸಾಲನ್ನು ನೋಡಿ. ಬೂದುನೀಲಿ ಮೈ, ರೆಕ್ಕೆಗೆ ಎರಡು ಕಪ್ಪು ಪಟ್ಟಿ. ಅದು ಜೋಗದ ಬಂಡೆಯ ವೇಷ. ಪಕ್ಕದಲ್ಲೇ ಅಚ್ಚ ಬಿಳಿಯದು, ಇಟ್ಟಿಗೆ ಬಣ್ಣದ್ದು, ಚುಕ್ಕೆಯದು. ಅವೆಲ್ಲ ಎಂದೋ ಮನುಷ್ಯರು ಸಾಕಿ, ಆರಿಸಿ, ಬಣ್ಣ ತಿದ್ದಿದ ಹಕ್ಕಿಗಳ ಮೊಮ್ಮಕ್ಕಳು. ಬೀಸಣಿಗೆ ಬಾಲದ್ದು, ಪಲ್ಟಿ ಹೊಡೆಯುವುದು, ಎದೆಯುಬ್ಬಿಸುವುದು ಎಲ್ಲವೂ ಈ ಒಂದೇ ಬಂಡೆ ಪಾರಿವಾಳದಿಂದ ಹುಟ್ಟಿದವು ಎಂದು ಡಾರ್ವಿನ್ 1859ರ ತನ್ನ ಮಹಾಗ್ರಂಥದ ಮೊದಲ ಅಧ್ಯಾಯದಲ್ಲೇ ವಾದಿಸಿದ. ಅದಕ್ಕೆ ಬೇಕಾದ ಹಕ್ಕಿಯ ಚರ್ಮಗಳನ್ನು ಭಾರತದಿಂದ ಕಳಿಸಿದವನು ವಾಲ್ಟರ್ ಎಲಿಯಟ್. ಡಾರ್ವಿನ್ ಅವನ ಹೆಸರು ಹೇಳಿ ನೆನೆದಿದ್ದಾನೆ. ಯಾರು ಈ ಎಲಿಯಟ್? 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯೆದುರು ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದಾಗ, ರಾಣಿ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕಿದ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ! ಆ ಯುವಕನೇ ಬಿಡುಗಡೆಯಾಗಿ, ಧಾರವಾಡದ ಸುತ್ತ ಕನ್ನಡ ಶಾಸನಗಳನ್ನು ನಕಲು ಮಾಡಿಸುತ್ತ ಓಡಾಡಿದವನು. ಚೆನ್ನಮ್ಮ ಸೆರೆಯಾಳುಗಳನ್ನು ಕೊಲ್ಲಿಸಿದ್ದರೆ ಡಾರ್ವಿನ್ನನ ಕೈಗೆ ಆ ಪಾರಿವಾಳಗಳು ತಲುಪುತ್ತಿರಲಿಲ್ಲ. ಸಜ್ಜಾದ ಮೇಲಿನ ಹಕ್ಕಿಯಿಂದ ಎಲ್ಲಿಗೆ ಬಂದೆವು ನೋಡಿ!

ಇಷ್ಟು ಅದ್ಭುತದ ಹಕ್ಕಿಯನ್ನು ಓಡಿಸಬೇಕೇ ಅಂದರೆ, ಮನೆಯ ಅಂಚಿನಿಂದ ಓಡಿಸಲೇಬೇಕು. ಒಣಗಿದ ಹಿಕ್ಕೆ ಪುಡಿಯಾಗಿ ಗಾಳಿಯಲ್ಲಿ ಏಳುತ್ತದೆ. ವರ್ಷಗಟ್ಟಲೆ ಅದನ್ನೇ ಉಸಿರಾಡಿದ ಕೆಲವರ ಶ್ವಾಸಕೋಶ ಕೆರಳಿ ಗಟ್ಟಿಯಾಗುತ್ತ ಹೋಗುತ್ತದೆ. ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎಂಬ ಆ ಕಾಯಿಲೆ ಬಲಿತರೆ ವಾಪಸು ಬರುವ ದಾರಿ ಕಡಿದು. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರವೂ ಹಳೆಯ ಹಿಕ್ಕೆಯಲ್ಲಿ ಬೆಳೆಯುತ್ತದೆ. 2025ರಲ್ಲಿ ಮುಂಬೈ ಪಾಲಿಕೆ ಪಾರಿವಾಳಗಳಿಗೆ ಕಾಳು ಹಾಕುವ ದಾದರಿನ ಹಳೆಯ ಕಬೂತರ್‌ಖಾನಾವನ್ನು ಮುಚ್ಚಿಸಿದಾಗ ಎದ್ದ ಜಗಳವೆಲ್ಲ ಇದರದ್ದೇ: ಒಂದು ಕಡೆ ಭಕ್ತಿ, ಇನ್ನೊಂದು ಕಡೆ ಉಸಿರು. ವಯಸ್ಸಾದವರು, ಆಸ್ತಮಾದವರು ಇರುವ ಮನೆಯಲ್ಲಿ ಉಸಿರಿನ ಪಕ್ಷವೇ ನನ್ನದು.

ಹಾಗಾದರೆ ಮುಳ್ಳು ಸಾಕೇ? ಇಲ್ಲಿ ಬರುತ್ತದೆ ಕಥೆಯ ಅತಿ ದೊಡ್ಡ ಬೆರಗು. ಬೆಲ್ಜಿಯಮ್ಮಿನ ಆಂಟ್‌ವರ್ಪ್ ನಗರದ ಒಂದು ಆಸ್ಪತ್ರೆ. ಚಾವಣಿಯ ಅಂಚಿಗೆಲ್ಲ ಇದೇ ಮುಳ್ಳುಪಟ್ಟಿ ಅಂಟಿಸಿದ್ದಾರೆ. ನೋಡನೋಡುತ್ತ ಅದರಲ್ಲಿ ಸುಮಾರು 50 ಮೀಟರ್ ಉದ್ದದ ಮುಳ್ಳು ಮಾಯ! ಅಂಗಳದ ಮರದಲ್ಲಿ ಮ್ಯಾಗ್‌ಪೈ ಹಕ್ಕಿಯ ಗೂಡೊಂದು ಸಿಕ್ಕಿತು. ಮ್ಯಾಗ್‌ಪೈ ನಮ್ಮ ಕಾಗೆಯ ಬಳಗದ್ದೇ. ಗೂಡಿನಲ್ಲಿ ಏನಿತ್ತು? ಸುಮಾರು 1,500 ಉಕ್ಕಿನ ಮುಳ್ಳು! ಡಚ್ ಸಂಶೋಧಕ ಔಕೆ-ಫ್ಲೋರಿಯಾನ್ ಹೀಮ್‌ಸ್ಟ್ರಾ ಮತ್ತು ಜೊತೆಗಾರರು 2023ರ ಜುಲೈನಲ್ಲಿ ಇದನ್ನು ಪ್ರಕಟಿಸಿದರು. ಮ್ಯಾಗ್‌ಪೈ ತನ್ನ ಗೂಡಿಗೆ ಮುಳ್ಳುಕೊಂಬೆಗಳ ಚಾವಣಿ ಹೊದಿಸುತ್ತದೆ, ಮೊಟ್ಟೆಗಳ್ಳರು ಬರದಿರಲಿ ಎಂದು. ಇಲ್ಲಿ ಅದು ಮುಳ್ಳುಕೊಂಬೆಯ ಬದಲು ಹಕ್ಕಿ ಓಡಿಸುವ ಮುಳ್ಳನ್ನೇ ಕಿತ್ತು ತಂದು, ತುದಿಯನ್ನು ಹೊರಕ್ಕೆ ಮಾಡಿ ಜೋಡಿಸಿತ್ತು. ಹಕ್ಕಿಯ ವಿರುದ್ಧ ನಾವು ಹೂಡಿದ ಆಯುಧವನ್ನು ಹಕ್ಕಿ ಬೇರೆ ಹಕ್ಕಿಗಳ ವಿರುದ್ಧ ಹೂಡಿತು! ರೋಟರ್‌ಡ್ಯಾಮಿನಲ್ಲಿ ಕಾಗೆಯೊಂದು ಇದೇ ಮುಳ್ಳಿನಿಂದ ಗೂಡು ಕಟ್ಟಿದೆ. ಆಸ್ಟ್ರೇಲಿಯಾದ ಕಟೂಂಬಾದಲ್ಲಿ ಕಾಕಟೂ ಗಿಳಿಯೊಂದು ಕಟ್ಟಡದ ಅಂಚಿನಿಂದ ಮುಳ್ಳುಪಟ್ಟಿಗಳನ್ನು ಒಂದೊಂದಾಗಿ ಕಿತ್ತು ರಸ್ತೆಗೆ ಎಸೆದದ್ದು 2019ರಲ್ಲಿ ಜಗತ್ತೆಲ್ಲ ನೋಡಿತು. ಕಂಬಿ ಕಟ್ಟುವ ತಂತಿ ಎಳೆದು ಗೂಡಿಗೆ ಹೆಣೆಯುವ ನಮ್ಮ ಊರ ಕಾಗೆಗಳಿಗೆ ಈ ಸುದ್ದಿ ಇನ್ನೂ ತಲುಪಿಲ್ಲ ಎಂದು ಹೇಗೆ ಹೇಳಲಿ?

ಪಾರಿವಾಳಕ್ಕೆ ಇಷ್ಟು ಚಾಕಚಕ್ಯತೆ ಬೇಕಾಗಿಲ್ಲ, ಹಟವೊಂದೇ ಸಾಕು. ಗೂಡಿಟ್ಟು ಅಭ್ಯಾಸವಾದ ಜಾಗವಾದರೆ ಅದು ಮುಳ್ಳಿನ ಮೇಲೆ ಕಡ್ಡಿ ಹಾಕುತ್ತಲೇ ಹೋಗುತ್ತದೆ. ಮರದ ಎಲೆ, ಕಾಯಿಸಿಪ್ಪೆ, ಪ್ಲಾಸ್ಟಿಕ್ ಚೂರು ಬಂದು ಸಿಕ್ಕಿಕೊಳ್ಳುತ್ತವೆ. ಕೊನೆಗೆ ಮುಳ್ಳುಗಳೇ ಗೂಡಿಗೆ ಆಧಾರಕಂಬ! ಕಡಿಮೆ ಅಗಲದ ಅಂಚಿಗೆ ಹಾಕಿದ ಸಾಲು ಗೆಲ್ಲುತ್ತದೆ: ಪ್ಯಾರಾಪೆಟ್, ಗ್ರಿಲ್, ಪೈಪು, ಬೋರ್ಡು. ಎರಡಡಿ ಅಗಲದ ಸಜ್ಜಾಕ್ಕೆ ಅಂಚಿನಲ್ಲಿ ಒಂದೇ ಸಾಲು ಹೊಡೆದು ಹೋದರೆ, ಹಿಂದೆ ಉಳಿದ ಜಾಗ ಹಕ್ಕಿಗೆ ಬೇಲಿ ಹಾಕಿಕೊಟ್ಟ ಹಿತ್ತಲು. ನಮ್ಮ ಬೀದಿಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು ಇದೇ. ಗುಬ್ಬಿಯ ಲೆಕ್ಕವಂತೂ ಬೇರೆಯೇ. ಅದರ ಪುಟ್ಟ ಮೈ ಕಡ್ಡಿಗಳ ನಡುವೆ ಸಲೀಸಾಗಿ ನುಸುಳುತ್ತದೆ, ದೊಡ್ಡ ಹಕ್ಕಿ ಬರಲಾರದ ಒಳ್ಳೆಯ ಜಾಗವಾಯಿತೆಂದು ಅಲ್ಲೇ ಕೂರುತ್ತದೆ. ಕೂರಲಿ ಬಿಡಿ!

ಕಿಟಕಿಗೆ ಸಿಡಿ ತೂಗುಹಾಕುವುದು, ಪ್ಲಾಸ್ಟಿಕ್ ಗೂಬೆ ಕೂರಿಸುವುದು ಕೆಲವೇ ದಿನದ ಆಟ. ಆಮೇಲೆ ಪಾರಿವಾಳ ಗೂಬೆಯ ತಲೆಯ ಮೇಲೇ ಕೂರುತ್ತದೆ. ಅಂಟಿನ ಜೆಲ್ ಮಾತ್ರ ಯಾರೂ ಬಳಿಯಬೇಡಿ. ಅದರಲ್ಲಿ ಸಿಕ್ಕಿಬೀಳುವುದು ಪಾರಿವಾಳಕ್ಕಿಂತ ಮೊದಲು ಸೂರಕ್ಕಿ, ಗುಬ್ಬಿಯಂಥ ಚಿಕ್ಕವು. ಡಕ್ಟಿಗೂ ಬಾಲ್ಕನಿಗೂ ಬಲೆಯೇ ಸರಿ, ಆದರೆ ಅದು ಬಿಗಿಯಾಗಿರಬೇಕು. ಜೋತುಬಿದ್ದ ಬಲೆಗೆ ರಾತ್ರಿ ಗೂಬೆಯ ರೆಕ್ಕೆ ಸಿಕ್ಕಿದರೆ ಬೆಳಗಾಗುವುದರೊಳಗೆ ಅದರ ಕಥೆ ಮುಗಿದಿರುತ್ತದೆ.

ಮುಳ್ಳು ಹಾಕಿಸುವವರು ಮೊದಲು ಗೂಡು ನೋಡಿ. ಮೊಟ್ಟೆಯೋ ಮರಿಯೋ ಇದ್ದರೆ ಒಂದೂವರೆ ತಿಂಗಳು ತಡೆದುಕೊಳ್ಳಿ, ಮರಿ ಹಾರಿಹೋಗಲಿ; ಮುಂದಿನ ಮೊಟ್ಟೆ ಬೀಳುವ ಮುನ್ನ ಕೈಹಾಕಿ. ಪಾರಿವಾಳ ಹೆಚ್ಚುಕಡಿಮೆ ವರ್ಷವಿಡೀ ಮೊಟ್ಟೆಯಿಡುವುದರಿಂದ ಆ ನಡುವಿನ ಬಿಡುವು ಬಹಳ ಚಿಕ್ಕದು, ಕಣ್ಣಿಟ್ಟು ಕಾಯಬೇಕು. ಒಣಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ, ಪುಡಿಯೆಲ್ಲ ಮೂಗಿಗೇ ಬರುತ್ತದೆ. ಎನ್-95 ಮಾಸ್ಕ್ ಕಟ್ಟಿಕೊಂಡು, ಸೋಪುನೀರು ಸುರಿದು ನೆನೆಸಿ, ಕೆರೆದು ತೆಗೆಯಿರಿ. ಗೋಡೆ ಪೂರ್ತಿ ಒಣಗಲಿ. ದೂಳಿನ ಮೇಲೆ ಸಿಲಿಕೋನ್ ನಿಲ್ಲುವುದಿಲ್ಲ, ಮೊದಲ ಮಳೆಗೇ ಪಟ್ಟಿ ಕೈಗೆ ಬರುತ್ತದೆ. ಅಂಚಿನಿಂದ ಶುರುಮಾಡಿ, ಪಾರಿವಾಳ ನಿಲ್ಲುವಷ್ಟು ಜಾಗ ಎಲ್ಲೂ ಉಳಿಯದಂತೆ ಸಾಲಿನ ಪಕ್ಕ ಸಾಲು. ಆಗಾಗ ಎಲೆ ಕಸ ತೆಗೆಸುತ್ತಿರಿ.

ಮುಳ್ಳಿಗಿಂತ ಮೇಲಾದ ಉಪಾಯ ಆ ಹಳೆಯ ಮಂಕಿ ಟಾಪಿನಲ್ಲೇ ಇದೆ. 45 ಡಿಗ್ರಿ ದಾಟಿದ ನುಣುಪು ಇಳಿಜಾರಿನ ಮೇಲೆ ಪಾರಿವಾಳದ ಕಾಲು ನಿಲ್ಲುವುದು ಕಷ್ಟ, 60 ಡಿಗ್ರಿಯಾದರೆ ಅದು ಪ್ರಯತ್ನವನ್ನೇ ಬಿಡುತ್ತದೆ. ಇರುವ ಸಜ್ಜಾಕ್ಕೆ ಓರೆಯಾಗಿ ಒಂದು ಶೀಟು ಕೂರಿಸಿ ಎರಡೂ ತುದಿ ಮುಚ್ಚಿಸಬಹುದು. ಹೊಸದಾಗಿ ಕಟ್ಟಿಸುವವರಾದರೆ ಸಜ್ಜಾ ಸೆಂಟ್ರಿಂಗ್ ಹೊಡೆಯುವ ದಿನವೇ ಮೇಸ್ತ್ರಿಗೆ ಹೇಳಿಬಿಡಿ: ಮೇಲ್ಮೈ ಸಪಾಟು ಬೇಡ, ಕಡಿದಾದ ಇಳಿಜಾರು ಕೊಡಿ, ಎಸಿ ಪೆಟ್ಟಿಗೆಯ ಹಿಂದೆ ಗೇಣು ಸಂದು ಬಿಡಬೇಡಿ, ಡಕ್ಟಿನ ಬಾಯಿಗೆ ಮೊದಲೇ ಜಾಲರಿ ಬಿಗಿಯಿರಿ.